ಬೋಟಿನ ಎಂಜಿನ್ ಬದಲಿಸುವಾಗ ಎಕ್ಸಾಸ್ಟ್ ಹೋಸ್: ಹುಬ್ಬಳ್ಳಿ ಶೆಡ್ಡಿನಿಂದ ಕಾರವಾರದ ದಕ್ಕೆಯವರೆಗೆ

ಬೋಟು ಕಾರವಾರದಲ್ಲಿ, ಎಂಜಿನ್ ಹುಬ್ಬಳ್ಳಿಯಲ್ಲಿ. ಲೇತು, ಕ್ರ್ಯಾಂಕ್ ಗ್ರೈಂಡಿಂಗ್, ಫ್ಯೂಯಲ್ ಪಂಪ್ ರಿಪೇರಿ ಎಲ್ಲವೂ ಗೋಕುಲ ರಸ್ತೆ, ತಾರಿಹಾಳದ ಶೆಡ್ಡುಗಳಲ್ಲಿ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ ಎಂಬ ಕಾರಣಕ್ಕೆ ಎಂಜಿನ್ ಅರಬೈಲ್ ಘಾಟ್ ಹತ್ತಿ ಬರುತ್ತದೆ, ಸಜ್ಜಾದ ಮೇಲೆ ಅದೇ ಘಾಟ್ ಇಳಿದು ಹೋಗುತ್ತದೆ. ಈ ಏರ್ಪಾಡಿನಲ್ಲಿ ಎಲ್ಲರ ಕಣ್ಣು ತಪ್ಪಿಸಿಕೊಳ್ಳುವ ಸಾಮಾನು ಎಕ್ಸಾಸ್ಟ್ ಹೋಸ್, ಅಂದರೆ ಎಂಜಿನ್ನಿನ ಹೊಗೆಯನ್ನೂ ಅದನ್ನು ತಣಿಸಲು ಬೆರೆಸುವ ಸಮುದ್ರದ ನೀರನ್ನೂ ಹಿಂಬದಿಯಿಂದ ಹೊರಹಾಕುವ ರಬ್ಬರ್ ಕೊಳವೆ. ಎಂಜಿನ್ ಕಟ್ಟುವವರು ಅದು ಬೋಟಿನ ಕೆಲಸ ಅನ್ನುತ್ತಾರೆ, ಬೋಟಿನವರು ಎಂಜಿನ್ನಿನ ಜತೆಗೇ ಬರುತ್ತದೆ ಅಂದುಕೊಳ್ಳುತ್ತಾರೆ. ಕೊನೆಗೆ ಎಂಜಿನ್ ಬೆಡ್ಡಿನ ಮೇಲೆ ಕೂತ ದಿನ ಹಳೆ ಹೋಸನ್ನೇ ಎಳೆದು ತೊಡಿಸುವುದೋ, ಅಂಗಡಿಯಲ್ಲಿ ಸಿಕ್ಕಿದ್ದನ್ನು ತರುವುದೋ ಅನ್ನುವ ಪರಿಸ್ಥಿತಿ ಬರುತ್ತದೆ. ಎರಡೂ ಬೇಡ. ಗೇರ್ ಬಾಕ್ಸ್ ಯಾವುದು ಎಂದು ತೀರ್ಮಾನಿಸುವ ಹೊತ್ತಿಗೇ ಹೋಸ್ ಕೂಡ ತೀರ್ಮಾನವಾಗಬೇಕು.

ಇಲ್ಲಿ ಹೇಳುವುದು 32 ಅಡಿ ಎಫ್‌ಆರ್‌ಪಿ, ಅಂದರೆ ಫೈಬರ್ ಗ್ಲಾಸ್ ಬೋಟಿನ ಕೆಲಸ. ಶಾಫ್ಟ್ ಡ್ರೈವ್, ಒಂದೇ ಎಂಜಿನ್. ತೆಗೆದದ್ದು 5.7 ಲೀಟರಿನ ಟರ್ಬೊ ಇಲ್ಲದ ಡೀಸೆಲ್, 2200 ಆರ್‌ಪಿಎಂ. ಕೂರಿಸಿದ್ದು 5.9 ಲೀಟರಿನ, ಟರ್ಬೊ ಮತ್ತು ಇಂಟರ್‌ಕೂಲರ್ ಇರುವ ಆರು ಸಿಲಿಂಡರ್, 2600 ಆರ್‌ಪಿಎಂ. ಲೀಟರ್ ಲೆಕ್ಕದಲ್ಲಿ ಎರಡೂ ಒಂದೇ ಅನ್ನಿಸುತ್ತವೆ. ಮೋಸ ಅಲ್ಲೇ ಇರುವುದು.

ಹಳೆ ಎಂಜಿನ್ ನಿಮಿಷಕ್ಕೆ ಎಳೆಯುವ ಗಾಳಿ: 5.7 ಲೀಟರಿನ ಅರ್ಧವನ್ನು 2200ರಿಂದ ಗುಣಿಸಿ, ಸಿಲಿಂಡರ್ ತುಂಬುವ ಪ್ರಮಾಣ 0.85 ಎಂದು ಹಿಡಿದರೆ ಸುಮಾರು 5.3 ಘನ ಮೀಟರ್. ಹೊಸದಕ್ಕೆ 5.9ರ ಅರ್ಧ, 2600, ತುಂಬುವ ಪ್ರಮಾಣ 0.9, ಅದರ ಮೇಲೆ ಟರ್ಬೊ ಒತ್ತಿ ತುಂಬುವುದಕ್ಕೆ 1.7 ಪಟ್ಟು ಸೇರಿಸಿದರೆ 11.7 ಘನ ಮೀಟರ್. ಅಂದರೆ 2.2 ಪಟ್ಟು. ನೀರು ಬೆರೆತು ಹೊಗೆ 60 ಡಿಗ್ರಿಗೆ ಇಳಿದ ಮೇಲೂ ಹಳೆಯ 3 ಇಂಚಿನ, ಅಂದರೆ 76 ಮಿ.ಮೀ. ಹೋಸಿನಲ್ಲಿ ಅದು ಸೆಕೆಂಡಿಗೆ 47 ಮೀಟರ್ ವೇಗದಲ್ಲಿ ನುಗ್ಗಬೇಕಾಗುತ್ತದೆ. ಹಳೆ ಎಂಜಿನ್ನಿಗೆ ಅದೇ ಹೋಸಿನಲ್ಲಿ 21 ಮೀಟರ್ ಸಾಕಿತ್ತು. ಬ್ಯಾಕ್ ಪ್ರೆಶರ್, ಅಂದರೆ ಹೊರಹೋಗುವ ಹೊಗೆಗೆ ಎದುರಾಗುವ ತಡೆ, ಏರುವುದು ವೇಗದ ವರ್ಗದ ಪ್ರಮಾಣದಲ್ಲಿ, ಹಾಗಾಗಿ ಅದೇ ಹೋಸ್ ಉಳಿಸಿಕೊಂಡರೆ ತಡೆ ಸುಮಾರು ಐದು ಪಟ್ಟಾಗುತ್ತದೆ. 4 ಇಂಚಿಗೆ ಹೋದರೆ ವೇಗ 26 ಮೀಟರ್, 5 ಇಂಚಿಗೆ ಅಂದರೆ 127 ಮಿ.ಮೀ.ಗೆ 17 ಮೀಟರ್. ಪೈಪಿನ ಒಳಗೆ ನೀರೂ ಒಂದಿಷ್ಟು ಜಾಗ ಹಿಡಿಯುತ್ತದೆ, ನಡುವೆ ಮಫ್ಲರ್ (ಸೈಲೆನ್ಸರ್) ಮತ್ತು ಎರಡು ಬೆಂಡು ಬೇರೆ. ಹಾಗಾಗಿ 127ಕ್ಕೆ ನಿಂತೆವು.

ಮೊದಲ ನಿಯಮ ಇದಕ್ಕಿಂತ ಸರಳ: ಎಂಜಿನ್ ತಯಾರಕರು ಕೊಟ್ಟ ಮಿಕ್ಸಿಂಗ್ ಎಲ್ಬೋದ (ಹೊಗೆಗೆ ನೀರು ಬೆರೆಸುವ ಬಾಗಿದ ತುಂಡು) ಬಾಯಿಗಿಂತ ಸಣ್ಣ ಹೋಸನ್ನು ಮುಂದೆ ಎಲ್ಲಿಯೂ ಹಾಕಬಾರದು. ದೊಡ್ಡದು ಹಾಕಬಹುದು. ದೊಡ್ಡದಾದಷ್ಟೂ ಒಳ್ಳೆಯದು ಎನ್ನುವ ಮಾತಿಗೂ ಒಂದು ಮಿತಿ ಇದೆ. ಎಂಜಿನ್ ನೀರಿನ ಮಟ್ಟಕ್ಕಿಂತ ಕೆಳಗೆ ಕೂತು, ವಾಟರ್ ಲಿಫ್ಟ್ ಮಫ್ಲರಿನಿಂದ ಹೊಗೆಯೇ ನೀರನ್ನು ಮೇಲಕ್ಕೆ ತಳ್ಳಬೇಕಾದ ಬೋಟುಗಳಲ್ಲಿ ಏರುವ ಹೋಸ್ ವಿಪರೀತ ದಪ್ಪವಾದರೆ ಐಡ್ಲಿಂಗಿನಲ್ಲಿ ಹೊಗೆಗೆ ನೀರು ಎತ್ತುವ ಶಕ್ತಿ ಸಾಲುವುದಿಲ್ಲ. ನೀರು ಮಫ್ಲರಿಗೇ ವಾಪಸು ಸುರಿಯುತ್ತದೆ. ನಮ್ಮ ಬೋಟಿನಲ್ಲಿ ಎಲ್ಬೋ ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿತ್ತು, ಹಿಂಬದಿಗೆ ಇಳಿಜಾರು ಸಿಕ್ಕಿತು, ಇನ್‌ಲೈನ್ ಮಫ್ಲರ್ ಸಾಕಾಯಿತು.

ಇನ್ನು ಎಂಥ ಹೋಸ್ ಅನ್ನುವ ಪ್ರಶ್ನೆ. ಮೆರೈನ್ ಎಕ್ಸಾಸ್ಟ್ ಹೋಸ್ ಹುಬ್ಬಳ್ಳಿಯ ಪೇಟೆಯಲ್ಲಿ ಕೇಳಿದ ಕೂಡಲೇ ತೆಗೆದು ಕೊಡುವ ಮಾಲಲ್ಲ. ಅಳತೆ ಹೇಳಿದರೆ ಕೌಂಟರಿನ ಮೇಲೆ ಬಂದು ಬೀಳುವುದು ಬೇರೆಯೇ: ಒಮ್ಮೆ ಬಾವಿಗೆ ಹಾಕುವ ಹಸಿರು ಪಿವಿಸಿ ಸಕ್ಷನ್ ಪೈಪು, ಇನ್ನೊಮ್ಮೆ ಲಾರಿಯ ರೇಡಿಯೇಟರ್ ಹೋಸು.

"ಹೆಂಗೂ ಒಳಗ ತಣ್ಣೀರ ಹರೀತೈತಿ ಅಂತೀರಿ, ಇದ ಸಾಕಾಗತೈತಿ ತಗೋರಿ ಸಾಹೇಬ್ರ."

"ನೀರ ಹರಿಯೂತನಾ ಯಾವುದಾದ್ರೂ ತಡೀತೈತಿ ಅಣ್ಣಾರ. ನೀರ ನಿಂತರ ಏನಾಕ್ಕತಿ ಅನ್ನೂದು ನಮ್ಮ ಚಿಂತಿ."

ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ. ಟರ್ಬೊದಿಂದ ಹೊರಬೀಳುವ ಹೊಗೆ ಪೂರ್ಣ ಲೋಡಿನಲ್ಲಿ 400ರಿಂದ 550 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಎಲ್ಬೋದಲ್ಲಿ ಸಮುದ್ರದ ನೀರು ಬೆರೆತೊಡನೆ 40ರಿಂದ 70ಕ್ಕೆ ಇಳಿಯುತ್ತದೆ. ಆ ಬಿಸಿಗೆ ಸಕ್ಷನ್ ಪೈಪೂ ಕೆಲ ಕಾಲ ಬಾಳೀತು. ಆದರೆ ಒಂದು ಪ್ಲಾಸ್ಟಿಕ್ ಚೀಲ ಬೋಟಿನ ತಳದಿಂದ ಸಮುದ್ರದ ನೀರು ಒಳಬಿಡುವ ಸೀ ಕಾಕಿಗೆ ಅಂಟಿಕೊಂಡರೆ, ಇಲ್ಲವೇ ಆ ನೀರನ್ನು ಎಳೆಯುವ ರಾ ವಾಟರ್ ಪಂಪಿನ ಇಂಪೆಲ್ಲರ್ ರೆಕ್ಕೆ ಮುರಿದರೆ ನೀರು ನಿಲ್ಲುತ್ತದೆ, ಹೊಗೆ ನಿಲ್ಲುವುದಿಲ್ಲ. ಪಿವಿಸಿ 80 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ, ಆಮೇಲೆ ಕಿತ್ತುಹೋಗುತ್ತದೆ. ಕಿತ್ತ ಜಾಗದಿಂದ ಎಂಜಿನ್ ರೂಮಿಗೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಬೆಂಕಿಯೂ ಬರಬಹುದು. ಚಾಲಕ ಅಲಾರಾಂ ಕೇಳಿ ಗಾಬರಿಯಿಂದ ಎಂಜಿನ್ ಆರಿಸುವಷ್ಟು ಹೊತ್ತು ಹೋಸ್ ತಡೆಯಬೇಕು. ಅಮೆರಿಕದ ಎಸ್‌ಎಇ ಜೆ2006 ಮಾನದಂಡ ಕೇಳುವುದೂ ಇದನ್ನೇ: ತಣ್ಣೀರು ಪೂರ್ತಿ ನಿಂತಾಗಲೂ ಎರಡು ನಿಮಿಷ ಹೋಸ್ ಕೈಕೊಡಬಾರದು. ಅಂತರರಾಷ್ಟ್ರೀಯ ಮಾನದಂಡ ಬೇಕೆಂದರೆ ಐಎಸ್‌ಒ 13363 ಇದೆ. ಇವೆರಡರಲ್ಲಿ ಒಂದರ ಅಚ್ಚು, ತಯಾರಕರ ಹೆಸರು ಹೋಸಿನ ಮೈಮೇಲೇ ಉದ್ದಕ್ಕೂ ಇರಬೇಕು. ಬಿಲ್ಲಿನಲ್ಲಿ ಬರೆದುಕೊಟ್ಟರೆ ಸಾಲದು.

ಜೆ2006ರೊಳಗೇ ಮುಖ್ಯವಾಗಿ ಎರಡು ಜಾತಿ. ಆರ್1 ಅಂದರೆ ತಂತಿ ಇಲ್ಲದ, ಬಟ್ಟೆ ಪದರದ ಸಾಫ್ಟ್ ವಾಲ್. ಆರ್2 ಅಂದರೆ ಒಳಗೆ ಸುರುಳಿ ತಂತಿ ಇರುವ ಹಾರ್ಡ್ ವಾಲ್. ನೇರವಾದ ಸಣ್ಣ ತುಂಡಿಗೆ ಸಾಫ್ಟ್ ವಾಲ್ ಮೇಲು, ಕ್ಲಿಪ್ ಅದರ ಮೇಲೆ ಸಮನಾಗಿ ಕೂರುತ್ತದೆ. ಬಾಗಬೇಕಾದ ಕಡೆ ಅದು ಮಡಿಕೆ ಬಿದ್ದು ಚಪ್ಪಟೆಯಾಗುತ್ತದೆ, ಅಲ್ಲಿ ಹಾರ್ಡ್ ವಾಲೇ ಬೇಕು. ಹಾರ್ಡ್ ವಾಲ್ ಕೂಡ ಬೇಕಾದಂತೆ ಬಾಗುವುದಿಲ್ಲ. ಸಾಮಾನ್ಯವಾಗಿ ಒಳವ್ಯಾಸದ ನಾಲ್ಕೈದು ಪಟ್ಟು ತ್ರಿಜ್ಯ ಕೇಳುತ್ತದೆ, ಅಂದರೆ 127ರ ಹೋಸಿಗೆ ಅರ್ಧ ಮೀಟರಿಗೂ ಮೇಲೆ. ಎಂಜಿನ್ ರೂಮಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಚೂಪು ತಿರುವುಗಳಿಗೆ 45 ಅಥವಾ 90 ಡಿಗ್ರಿಯ ಅಚ್ಚಿನ ಎಲ್ಬೋ ಹಾಕಿ, ನಡುವೆ ನೇರ ಹೋಸ್ ತೊಡಿಸುವುದೇ ದಾರಿ. ಎರಡು 45 ಸಿಕ್ಕುವ ಕಡೆ ಒಂದು 90 ಹಾಕಬೇಡಿ, ಬ್ಯಾಕ್ ಪ್ರೆಶರ್ ಸುಮ್ಮನೆ ಏರುತ್ತದೆ.

ರಬ್ಬರಿನ ವಿಷಯಕ್ಕೆ ಬಂದರೆ, ಸಾಮಾನ್ಯ ಎಕ್ಸಾಸ್ಟ್ ಹೋಸಿನ ಇಪಿಡಿಎಂ ನೂರರ ಹತ್ತಿರದ ಬಿಸಿಗೆ ಸರಿಯಾಗಿ ಬಾಳುತ್ತದೆ. ಸಿಲಿಕೋನ್ 175ರ ಆಚೀಚೆವರೆಗೂ ಬಾಳುತ್ತದೆ, ಬೆಲೆಯೂ ಹಾಗೇ. ಇಡೀ ಉದ್ದಕ್ಕೆ ಸಿಲಿಕೋನ್ ಹಾಕುವುದು ದುಡ್ಡು ದಂಡ. ಎಲ್ಬೋದಿಂದ ಹೊರಡುವ ಮೊದಲ ತುಂಡು ಮಾತ್ರ ಸಿಲಿಕೋನ್ ಇರಲಿ, ಅದೂ ಎರಡು ಉಬ್ಬಿನ ಹಂಪ್ ಹೋಸ್. ಕಾರಣ ಬಿಸಿ ಒಂದೇ ಅಲ್ಲ. ರಬ್ಬರ್ ಮೌಂಟಿಂಗ್ ಮೇಲೆ ಕೂತ ಎಂಜಿನ್ ಸ್ಟಾರ್ಟ್ ಆಗುವಾಗಲೂ ಆರುವಾಗಲೂ ಅಲುಗಾಡುತ್ತದೆ, ಮಫ್ಲರ್ ಬೋಟಿಗೆ ಬಿಗಿದಿರುತ್ತದೆ. ಈ ಎರಡರ ನಡುವಿನ ಜಗಳ ತಡೆಯಲು ಮೆತ್ತನೆಯ ಒಂದು ಕೊಂಡಿ ಬೇಕು. ಅದಿಲ್ಲದೆ ಮಫ್ಲರಿನ ಭಾರವೂ ಎಲ್ಬೋದ ಮೇಲೆ ನೇತುಬಿದ್ದರೆ ಮೊದಲು ಬಿರುಕು ಬಿಡುವುದು ಟರ್ಬೊದ ಹೌಸಿಂಗ್.

ಜನರೇಟರಿಗೆ ಹಾಕುವ ಸ್ಟೀಲ್ ಬೆಲ್ಲೋಸ್ ಇಲ್ಲಿಗೂ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಅದು ಒಣ ಹೊಗೆಗೆ ಮಾಡಿದ್ದು. ಬಿಸಿ ಉಪ್ಪುನೀರು ಆ ತೆಳು ತಗಡಿನ ಮಡಿಕೆಗಳಲ್ಲಿ ನಿಂತರೆ ಒಳಗಿಂದಲೇ ಸೂಜಿತೂತು ಬೀಳುತ್ತವೆ. ನೀರು ಬೆರೆಯುವ ಮುಂಚಿನ ಭಾಗದಲ್ಲಿ ಹಾಕಬಹುದು, ಲ್ಯಾಗಿಂಗ್ (ಬಿಸಿ ತಡೆಯುವ ಹೊದಿಕೆ) ಸುತ್ತಿ. ಆಮೇಲಿನದಕ್ಕೆ ಬೇಡ.

ಅಳತೆಯ ಗೊಂದಲ ಇನ್ನೊಂದು. ಹೋಸನ್ನು ಕರೆಯುವುದು ಒಳವ್ಯಾಸದಿಂದ. ನಮ್ಮ ವೆಲ್ಡಿಂಗ್ ಶೆಡ್ಡುಗಳಲ್ಲಿ ಪೈಪನ್ನು ಕರೆಯುವುದು ಎನ್‌ಬಿ (ನಾಮಿನಲ್ ಬೋರ್) ಲೆಕ್ಕದಲ್ಲಿ, ಅದು ಹೊರವ್ಯಾಸವಲ್ಲ. 3 ಇಂಚು ಅಂದರೆ 80 ಎನ್‌ಬಿ ಪೈಪಿನ ಹೊರಮೈ 88.9 ಮಿ.ಮೀ., 4 ಇಂಚಿನ 100 ಎನ್‌ಬಿ ಪೈಪಿನ ಹೊರಮೈ 114.3, 5 ಇಂಚಿನ 125 ಎನ್‌ಬಿ ಪೈಪಿನದು 139.7. 5 ಇಂಚಿನ ಹೋಸಿಗೆ ಬೇಕಾದದ್ದು ಹೊರವ್ಯಾಸ 127 ಮಿ.ಮೀ. ಇರುವ ಟ್ಯೂಬು. 'ಐದಿಂಚಿನ ಪೈಪಿಗೆ ಐದಿಂಚಿನ ಹೋಸು' ಎಂದು ಫೋನಿನಲ್ಲಿ ಹೇಳಿ ಮಾಡಿಸಿದರೆ ಘಾಟ್ ಇಳಿದ ಮೇಲೆ ಒಂದಕ್ಕೊಂದು ಹತ್ತುವುದಿಲ್ಲ. ಸಣ್ಣ ಪೈಪಿಗೆ ರಬ್ಬರ್ ಶೀಟ್ ಸುತ್ತಿ ದಪ್ಪ ಮಾಡಿ ಹೋಸ್ ಬಿಗಿಯುವ ಉಪಾಯವನ್ನೂ ನೋಡಿದ್ದೇವೆ. ಶೀಟಿನ ಎರಡು ಅಂಚು ಕೂಡುವ ಗೆರೆಯಲ್ಲಿ ಹೊಗೆಗೆ ಹಾದಿ ಬಿಟ್ಟುಕೊಟ್ಟಂತೆ ಅದು. ಆರ್ಡರ್ ಕೊಡುವಾಗ ಇಂಚಿನ ಮಾತೇ ಬೇಡ, 'ಹೋಸ್ ಒಳಗೆ 127, ಟ್ಯೂಬ್ ಹೊರಗೆ 127' ಎಂದು ಬರೆದು ಕೊಡಿ. ಟ್ಯೂಬ್ ಬಂದ ಮೇಲೆ ವರ್ನಿಯರ್ ಹಾಕಿ ಎರಡು ದಿಕ್ಕಿನಲ್ಲಿ ಅಳೆಯಿರಿ, ತಗಡು ಸುತ್ತಿ ಮಾಡಿದ ಟ್ಯೂಬು ಮೊಟ್ಟೆಯಾಕಾರ ಆಗಿರುವುದುಂಟು.

ಟ್ಯೂಬಿನ ಲೋಹವನ್ನೂ ಒತ್ತಿ ಹೇಳಬೇಕು. ಹೋಟೆಲ್ ಪಾತ್ರೆ, ಡೇರಿ ಟ್ಯಾಂಕ್ ಮಾಡುವ ಫ್ಯಾಬ್ರಿಕೇಟರುಗಳ ಬಳಿ ಇರುವ ಸ್ಟೇನ್‌ಲೆಸ್ ಮಾಲು ಬಹುಪಾಲು 304 ದರ್ಜೆಯದು, ಕೆಲವೊಮ್ಮೆ 202. ಬಿಸಿ ಉಪ್ಪುನೀರಿಗೆ ಎರಡೂ ನಿಲ್ಲುವುದಿಲ್ಲ, ವೆಲ್ಡಿಂಗ್ ಪಕ್ಕದಲ್ಲೇ ಮೊದಲು ತೂತು ಬೀಳುತ್ತದೆ. 316ಎಲ್ ಬೇಕು, ಟಿಗ್ ವೆಲ್ಡಿಂಗಿಗೆ ಫಿಲ್ಲರ್ ರಾಡೂ 316ಎಲ್ ಇರಬೇಕು. ಮ್ಯಾಗ್ನೆಟ್ ಹಚ್ಚಿ 304 ಯಾವುದು 316 ಯಾವುದು ಅನ್ನುವುದು ಗೊತ್ತಾಗುವುದಿಲ್ಲ, ಮಾಲಿಬ್ಡಿನಮ್ ಪತ್ತೆಯ ದ್ರಾವಣದ ಎರಡು ಹನಿ ಹಾಕಿದರೆ ಗೊತ್ತಾಗುತ್ತದೆ. ನಮ್ಮ ಒಲವು ಎಫ್‌ಆರ್‌ಪಿ ಟ್ಯೂಬಿನ ಕಡೆಗೆ: ತುಕ್ಕಿನ ಮಾತೇ ಇಲ್ಲ, 127ರ ಅಚ್ಚಿನ ಒಳಗೆ ಎರಕ ಹೊಯ್ದರೆ ಹೊರ ಅಳತೆ ಕರಾರುವಾಕ್ಕು. ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಬೇಡ, ಬಿಸಿಗೆ ಮೆತ್ತಗಾಗುತ್ತದೆ. ವಿನೈಲ್ ಎಸ್ಟರ್ ಕೇಳಿ ಹಾಕಿಸಿ.

ಉದ್ದ ಅಳೆಯುವುದಕ್ಕೆ ಒಂದು ಅಗ್ಗದ ದಾರಿ ಇದೆ. ಹೋಸ್ ದುಬಾರಿ, ಬೇಕಾದ ಅಳತೆಗೆ ಒಂದೇ ಸಲ ತರಿಸಬೇಕು. ಅದಕ್ಕೆ ಅಡುಗೆ ಮನೆಯ ಚಿಮಣಿಗೆ ಹಾಕುವ ಅಲ್ಯೂಮಿನಿಯಂ ಸುಕ್ಕು ಪೈಪನ್ನು ತಂದು ಎಂಜಿನ್ನಿನಿಂದ ಹಿಂಬದಿ ಹಲಗೆಯವರೆಗೆ ಹೋಸ್ ಹೋಗುವ ದಾರಿಯಲ್ಲಿ ಹಾಯಿಸುತ್ತೇವೆ. 6 ಇಂಚಿನದು ಎಲ್ಲ ಕಡೆ ಸಿಗುತ್ತದೆ, 5 ಇಂಚಿನ ಹೋಸಿನ ಹೊರಮೈ ದಪ್ಪಕ್ಕೆ ಅದು ಹೆಚ್ಚೂ ಕಡಿಮೆ ಹೊಂದುತ್ತದೆ. ಎಲ್ಲಿ ಸ್ಟ್ರಿಂಜರ್ (ತಳದ ಉದ್ದ ತೊಲೆ) ಅಡ್ಡ ಬರುತ್ತದೆ, ಎಲ್ಲಿ ಬ್ಯಾಟರಿ ಪೆಟ್ಟಿಗೆ ತಗಲುತ್ತದೆ ಎಲ್ಲವೂ ಅಲ್ಲೇ ಕಾಣುತ್ತದೆ. ಎಚ್ಚರ ಒಂದೇ: ಚಿಮಣಿ ಪೈಪು ಕೈಯಲ್ಲಿ ಮಡಿಸಿದಂತೆ ಮಡಿಯುತ್ತದೆ, ಹೋಸ್ ಮಡಿಯುವುದಿಲ್ಲ. ಹಾಗಾಗಿ ಪ್ಲೈವುಡ್ಡಿನಲ್ಲಿ ಹೋಸಿನ ಕನಿಷ್ಠ ತ್ರಿಜ್ಯದ ಕಮಾನು ಕತ್ತರಿಸಿ ಪ್ರತಿ ತಿರುವಿಗೂ ಒತ್ತಿ ಹಿಡಿದು ನೋಡಿ. ಕಮಾನಿಗೆ ಕೂರದ ಕಡೆ ಅಚ್ಚಿನ ಎಲ್ಬೋ ಎಂದು ಗುರುತು ಹಾಕಿಕೊಳ್ಳಿ. ಬಂದ ಅಳತೆಗೆ ಪ್ರತಿ ಜೋಡಣೆಗೂ ಹೋಸ್ ಒಳಹೋಗುವ ಉದ್ದ ಸೇರಿಸಿ. ಆ ಉದ್ದ ಹೋಸಿನ ವ್ಯಾಸಕ್ಕಿಂತ ಕಡಿಮೆ ಇರಬಾರದು.

ಇಳಿಜಾರನ್ನೂ ಆಗಲೇ ನೋಡಬೇಕು. ಎಲ್ಬೋದಿಂದ ಹೊರಬಾಯಿಯವರೆಗೆ 300 ಮಿ.ಮೀ.ಗೆ 12 ಮಿ.ಮೀ. ಇಳಿತ ಕನಿಷ್ಠ, ನಡುವೆ ಎಲ್ಲಿಯೂ ಹೊಟ್ಟೆ ಬಿಡಬಾರದು. ಹೊಟ್ಟೆಯಲ್ಲಿ ನಿಂತ ನೀರು ಬೋಟು ಹಿಂದೆ ಮುಂದೆ ಓಲಾಡುವಾಗ ಎಂಜಿನ್ ಕಡೆ ತಿರುಗುತ್ತದೆ. ನೀರು ಬೆರೆಯುವ ಜಾಗ ಲೋಡಾದ ಬೋಟಿನ ನೀರಿನ ಮಟ್ಟಕ್ಕಿಂತ ಕನಿಷ್ಠ 150 ಮಿ.ಮೀ. ಮೇಲಿರಬೇಕು. ಇಲ್ಲವಾದರೆ ರಾ ವಾಟರ್ ಲೈನಿಗೆ, ನಿಂತ ಎಂಜಿನ್ನಿಗೆ ನೀರು ತಾನಾಗಿ ಹರಿದು ಬರದಂತೆ ತಡೆಯುವ ಆಂಟಿ ಸೈಫನ್ ವಾಲ್ವ್ ಹಾಕದೆ ಬಿಡುವಂತಿಲ್ಲ.

ಹಾರ್ಡ್ ವಾಲ್ ಹೋಸ್ ಕತ್ತರಿಸುವಾಗ ಸುತ್ತಲೂ ಒಂದು ಕಾಗದದ ಪಟ್ಟಿ ಸುತ್ತಿ ಗೆರೆ ಹಾಕಿ, ಚಾಕುವಿನಿಂದ ತಂತಿಯವರೆಗೆ ರಬ್ಬರ್ ಕೊಯ್ದು, ತಂತಿಯನ್ನು ಮಾತ್ರ ಕಟರಿನಲ್ಲಿ ತುಂಡರಿಸಿ. ಗ್ರೈಂಡರ್ ಹಚ್ಚಿದರೆ ಬೇಗ ಆಗುತ್ತದೆ, ಆದರೆ ಅಂಚು ಸುಟ್ಟು ಪದರ ಬಿಚ್ಚುತ್ತದೆ. ಕತ್ತರಿಸಿದ ಬಾಯಲ್ಲಿ ತಂತಿಯ ತುದಿ ಮತ್ತು ಬಟ್ಟೆಯ ನೂಲು ಕಾಣುತ್ತವೆ, ಉಪ್ಪುನೀರು ಆ ನೂಲಿನ ಗುಂಟ ಒಳಗೆ ಹತ್ತಿಕೊಂಡು ತಂತಿಯನ್ನು ತಿನ್ನುತ್ತದೆ. ರಬ್ಬರ್ ಸಿಮೆಂಟ್ ಇಲ್ಲವೇ ಸೀಲೆಂಟ್ ಬಳಿದು ಒಣಗಿಸಿಯೇ ತೊಡಿಸಿ. ತೊಡಿಸಲು ಸೋಪಿನ ನೀರು ಸಾಕು. ಗ್ರೀಸ್, ಎಂಜಿನ್ ಆಯಿಲ್ ಮಾತ್ರ ಬೇಡ, ಇಪಿಡಿಎಂ ಎಣ್ಣೆ ಕುಡಿದು ಊದಿಕೊಳ್ಳುತ್ತದೆ.

ಪ್ರತಿ ಜೋಡಣೆಗೂ ಎರಡು ಕ್ಲಿಪ್, ಪಟ್ಟಿಯ ಅಗಲ ಕನಿಷ್ಠ ಅರ್ಧ ಇಂಚು. ಅಮೆರಿಕದ ಬೋಟ್ ತಯಾರಕರು ಅನುಸರಿಸುವ ಎಬಿವೈಸಿ ಪಿ-1 ಹೇಳುವುದೂ ಇದೇ. ಈ ಗಾತ್ರಕ್ಕೆ ಟಿ-ಬೋಲ್ಟ್ ಕ್ಲಿಪ್ಪೇ ಸರಿ. ಪೇಟೆಯಲ್ಲಿ 'ಸ್ಟೀಲ್ ಕ್ಲಿಪ್' ಎಂದು ಕೊಡುವುದರಲ್ಲಿ ಪಟ್ಟಿ ಮಾತ್ರ ಸ್ಟೇನ್‌ಲೆಸ್, ಸ್ಕ್ರೂ ಮಾಮೂಲಿ ಕಬ್ಬಿಣ. ಇದಕ್ಕೆ ಮ್ಯಾಗ್ನೆಟ್ ಉಪಯೋಗಕ್ಕೆ ಬರುತ್ತದೆ: ಸ್ಕ್ರೂ ಟಪ್ ಎಂದು ಕಚ್ಚಿಕೊಂಡರೆ ವಾಪಸು ಕೊಡಿ. ಪಟ್ಟಿಯಲ್ಲಿ ತೂತು ಕೊರೆದ ಕ್ಲಿಪ್ಪೂ ಬೇಡ, ತೂತಿನ ಅಂಚು ರಬ್ಬರನ್ನು ಕೊಯ್ಯುತ್ತದೆ. ಎರಡು ಕ್ಲಿಪ್ಪಿನ ಬೋಲ್ಟುಗಳನ್ನು ಎದುರುಬದಿರು ಇಡಿ, ಒಂದೇ ಕಡೆ ಬಂದರೆ ಒತ್ತಡ ಸಮ ಬರುವುದಿಲ್ಲ. ಎಫ್‌ಆರ್‌ಪಿ ಟ್ಯೂಬಿನ ಮೇಲೆ ಟಿ-ಬೋಲ್ಟನ್ನು ಜೀವ ಹೋಗುವಂತೆ ಬಿಗಿಯುವ ಮಿಸ್ತ್ರಿಗಳ ಕೈ ಹಿಡಿಯಬೇಕು, ತೆಳು ಟ್ಯೂಬು ಒಳಗೆ ಬಿರುಕು ಬಿಟ್ಟರೆ ಹೊರಗಿನಿಂದ ಕಾಣುವುದಿಲ್ಲ.

ಹಿಂಬದಿ ಹಲಗೆಯ ಹಳೆ ತೂತನ್ನು ಹಿಗ್ಗಿಸಿದಾಗ ಒಳಗಿನ ಪ್ಲೈವುಡ್ ತೆರೆದುಕೊಳ್ಳುತ್ತದೆ. ಎಪಾಕ್ಸಿ ಕುಡಿಸಿ ಮುಚ್ಚಿ, ಹೊರಬಾಯಿಗೆ ರಬ್ಬರ್ ಫ್ಲ್ಯಾಪ್ ಹಾಕಿ.

ಎಂಜಿನ್ ಹುಬ್ಬಳ್ಳಿ ಬಿಡುವ ಮುಂಚೆ ಎಲ್ಬೋ ಮತ್ತು ಮೊದಲ ತುಂಡು ಹೋಸನ್ನು ಸ್ಟ್ಯಾಂಡಿನ ಮೇಲೇ ಪರೀಕ್ಷಿಸಬಹುದು. ರಾ ವಾಟರ್ ಪಂಪಿಗೆ ಸಿಂಟೆಕ್ಸ್ ಟ್ಯಾಂಕಿನಿಂದ ನೀರು ಕೊಟ್ಟು, ಹೊರಬಿದ್ದದ್ದನ್ನು ಅದೇ ಟ್ಯಾಂಕಿಗೆ ತಿರುಗಿಸುತ್ತೇವೆ. ಹುಬ್ಬಳ್ಳಿಯಲ್ಲಿ ನೀರನ್ನು ಚರಂಡಿಗೆ ಬಿಟ್ಟು ಎಂಜಿನ್ ಓಡಿಸಿದರೆ ಅಕ್ಕಪಕ್ಕದ ಶೆಡ್ಡಿನವರು ಸುಮ್ಮನಿರುವುದಿಲ್ಲ. 200 ಲೀಟರ್ ಡ್ರಮ್ ಆದರೆ ನೀರು ಬೇಗ ಕಾಯುತ್ತದೆ, 1000 ಲೀಟರ್ ಇದ್ದರೆ ಹಾಯಾಗಿ ಓಡಿಸಬಹುದು. ಈಗ ಇನ್ಫ್ರಾರೆಡ್ ಗನ್ ಹಿಡಿದು ಎಲ್ಬೋ ದಾಟಿದ ಕೂಡಲೇ ಹೋಸಿನ ಮೈಯನ್ನು ಸುತ್ತಲೂ ಅಳೆಯಿರಿ: ಮೇಲೆ, ಕೆಳಗೆ, ಎರಡು ಪಕ್ಕ. ನಾಲ್ಕೂ ಕಡೆ ಹತ್ತಿರ ಹತ್ತಿರ ಇದ್ದರೆ ಸ್ಪ್ರೇ ಸರಿ ಇದೆ. ಕೆಳಗೆ ತಣ್ಣಗಿದ್ದು ಮೇಲುಭಾಗ ಕೈ ಇಡಲಾಗದಷ್ಟು ಕಾದಿದ್ದರೆ ನೀರು ಚಿಮ್ಮುತ್ತಿಲ್ಲ, ತಳದಲ್ಲಿ ಸುಮ್ಮನೆ ಹರಿಯುತ್ತಿದೆ. ಎಲ್ಬೋದೊಳಗಿನ ಸ್ಪ್ರೇ ರಿಂಗಿನ ಮೇಲಿನ ತೂತುಗಳು ವೆಲ್ಡಿಂಗ್ ಚೂರಿನಿಂದಲೋ ಹಳೆ ಉಪ್ಪಿನಿಂದಲೋ ಕಟ್ಟಿರುತ್ತವೆ. ಇಂಥ ಎಲ್ಬೋಕ್ಕೆ ಎಷ್ಟೇ ಒಳ್ಳೆ ಹೋಸ್ ಹಾಕಿದರೂ ಅದರ ನೆತ್ತಿ ಸುಟ್ಟು ಕರಕಲಾಗುತ್ತದೆ. ತಂತಿ ಹಾಕಿ ತೂತು ಬಿಡಿಸಿ, ಮತ್ತೆ ಓಡಿಸಿ.

ಬ್ಯಾಕ್ ಪ್ರೆಶರ್ ಮಾತ್ರ ನೀರಿಗಿಳಿದು ಪೂರ್ಣ ಲೋಡಿನಲ್ಲೇ ಅಳೆಯಬೇಕು. ಅದಕ್ಕಾಗಿ ಟರ್ಬೊ ದಾಟಿದ ಮೇಲೆ, ನೀರು ಬೆರೆಯುವ ಮುಂಚೆ, ಎಲ್ಬೋಕ್ಕೆ 1/8 ಇಂಚಿನ ಸಾಕೆಟ್ ಒಂದನ್ನು ಶೆಡ್ಡಿನಲ್ಲೇ ವೆಲ್ಡ್ ಮಾಡಿಸಿಡಿ. ಅರ್ಧ ಮೀಟರ್ ತಾಮ್ರದ ಸಣ್ಣ ಪೈಪು, ಆಮೇಲೆ ಗೌಂಡಿಗಳ ಲೆವೆಲ್ ಪೈಪು. ಅದನ್ನು 'ಯು' ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿದರೆ ಮಾನೋಮೀಟರ್ ಸಿದ್ಧ. ಟರ್ಬೊ ಡೀಸೆಲ್‌ಗಳಿಗೆ ಸಾಮಾನ್ಯವಾಗಿ ಕಾಣುವ ಮಿತಿ 10 ಕಿಲೊಪಾಸ್ಕಲ್ ಆಸುಪಾಸು, ಅಂದರೆ ಎರಡು ಬದಿಯ ನೀರಿನ ಅಂತರ 102 ಸೆಂಟಿಮೀಟರ್. ಎಂಜಿನ್ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಮೀರಿದರೆ ಕಪ್ಪು ಹೊಗೆ, ಆರ್‌ಪಿಎಂ ಏರದಿರುವುದು, ಟರ್ಬೊ ಕಾಯುವುದು ಎಲ್ಲ ಬೆನ್ನಿಗೇ ಬರುತ್ತವೆ. ಪ್ರೊಪೆಲ್ಲರ್ ತಪ್ಪೆಂದು ಅದನ್ನು ಬದಲಿಸುತ್ತ ಕೂರುವವರು ಮೊದಲು ಈ ಪೈಪು ಕಟ್ಟಿ ನೋಡಲಿ.

ಮೊದಲ ಸ್ಟಾರ್ಟಿನಲ್ಲಿ ಡೀಸೆಲ್ ಲೈನಿನ ಗಾಳಿ ಹೋಗುವವರೆಗೆ ಎಂಜಿನ್ ಬಹಳ ಹೊತ್ತು ತಿರುಗಬೇಕಾಗುತ್ತದೆ. ಆಗ ರಾ ವಾಟರ್ ಪಂಪು ನೀರು ತಳ್ಳುತ್ತಲೇ ಇರುತ್ತದೆ, ಹೊರದೂಡಲು ಹೊಗೆ ಇರುವುದಿಲ್ಲ. ವಾಟರ್ ಲಿಫ್ಟ್ ಇರುವ ಬೋಟಿನಲ್ಲಿ ಮಫ್ಲರ್ ತುಂಬಿ ನೀರು ಸಿಲಿಂಡರಿಗೇ ಹೋಗುತ್ತದೆ. ಸೀ ಕಾಕ್ ಮುಚ್ಚಿ ಎಂಜಿನ್ ತಿರುಗಿಸಿ, ಅದು ಸ್ಟಾರ್ಟ್ ಆದ ಕೂಡಲೇ ಕಾಕ್ ತೆರೆಯಿರಿ. ಒಬ್ಬರು ಅಲ್ಲೇ ಕೂತಿರಬೇಕು, ಮರೆತರೆ ಇಂಪೆಲ್ಲರ್ ಒಣಗಿ ಹೋಗುತ್ತದೆ.

ಮೊದಲ ಕೆಲವು ತಾಸು ಓಡಿದ ಮೇಲೆ ಎಲ್ಲ ಕ್ಲಿಪ್ಪುಗಳನ್ನೂ ತಣ್ಣಗಿರುವಾಗ ಇನ್ನೊಮ್ಮೆ ಬಿಗಿಯಬೇಕು, ಸಿಲಿಕೋನ್ ತುಂಡಿನವನ್ನಂತೂ ಬಿಡಲೇಬಾರದು, ಅದು ಒತ್ತಡಕ್ಕೆ ಸರಿಯುತ್ತದೆ. ಜೋಡಣೆಯ ಸುತ್ತ ಮಸಿಯ ಗೆರೆ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ ಎಂದೇ ಲೆಕ್ಕ. ಎಂದಾದರೂ ನೀರು ನಿಂತು ಎಂಜಿನ್ ಕಾದ ಪ್ರಸಂಗ ಬಂದರೆ, ಹೊರಮೈ ಎಷ್ಟೇ ಚೆನ್ನಾಗಿ ಕಂಡರೂ ಎಲ್ಬೋ ಕಡೆಯ ಹೋಸ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಒಳಪದರ ಬಿಟ್ಟುಕೊಂಡು ನಾಲಗೆಯಂತೆ ಜೋತುಬಿದ್ದಿರುತ್ತದೆ, ಮುಂದಿನ ಸಲ ಥ್ರಾಟಲ್ ಕೊಟ್ಟಾಗ ಅದೇ ದಾರಿಗೆ ಅಡ್ಡ ಕೂರುತ್ತದೆ. ಆ ತುಂಡು ಬದಲಿಸಿಯೇ ಬೋಟು ದಕ್ಕೆ ಬಿಡಲಿ.